ಎದ್ದ ಒಂದೇ ಕೈ

ಮಗಳು ಹೊಸ ಸಮವಸ್ತ್ರ ತೊಟ್ಟು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, "ಅಪ್ಪಾ, ಎದುರಂಗಡಿ ಮಾಮ ಎಷ್ಟು ಚೆನ್ನಾಗಿ ಹೊಲಿದಿದ್ದಾರೆ ನೋಡು" ಎಂದದ್ದೇ ತಡ, ದರ್ಜಿಯ ಹೊಟ್ಟೆಯಲ್ಲಿ ಇಸ್ತ್ರಿಪೆಟ್ಟಿಗೆಯ ಕೆಂಡ ಹೊತ್ತಿಕೊಂಡಿತು. ಅಪ್ಪ ದರ್ಜಿ, ಮಗಳ ಮೈಮೇಲೆ ಎದುರಂಗಡಿಯವನ ಹೊಲಿಗೆ. ಶಾಲೆಯ ಬಟ್ಟೆಯೆಲ್ಲ ಮೊದಲಿನಿಂದಲೂ ಅವನಿಗೇ. ಅವನ ಯಂತ್ರ ದಿನವಿಡೀ ಕಟಕಟ ಎನ್ನುತ್ತಿದ್ದರೆ ಇವನ ಯಂತ್ರದ ಮೇಲೆ ಬೆಕ್ಕು ಮಲಗಿರುತ್ತಿತ್ತು.

ಅಂದು ಸಂಜೆ ಪೋಷಕರ ಸಭೆ. ಮುಂದಿನ ವರ್ಷಕ್ಕೆ ಸಮವಸ್ತ್ರ ಬೇಕೋ ಬೇಡವೋ ಎಂದು ಪ್ರತಿ ವರ್ಷ ಅಲ್ಲಿ ಕೈ ಎತ್ತಿಸುವುದು ಪದ್ಧತಿ. ಎಲ್ಲರೂ ಬೇಕು ಎಂದೇ ಎತ್ತುವುದೂ ಪದ್ಧತಿ. ಶಾಲೆಯ ಕಟ್ಟಡ ಬದಲಾಗಿತ್ತು, ಗಂಟೆ ಬದಲಾಗಿತ್ತು. ಸಮವಸ್ತ್ರ ತೊಡಲಾರೆ ಎಂದು ಅತ್ತು ರಂಪ ಮಾಡಿದ್ದ ಮಕ್ಕಳೇ ಈಗ ಅಪ್ಪ ಅಮ್ಮಂದಿರಾಗಿ ಕೈ ಎತ್ತುತ್ತಿದ್ದರು. ಜನರ ಅಭಿಪ್ರಾಯ ಮಾತ್ರ ಒಂದು ಎಳೆಯೂ ಅಲುಗಿರಲಿಲ್ಲ. ತನಗಿಲ್ಲದ ಕೆಲಸ ಅವನಿಗೂ ಬೇಡ, ಇವತ್ತು ಆ ಅಭಿಪ್ರಾಯವನ್ನು ಅಲುಗಿಸಿಯೇ ಸಿದ್ಧ ಎಂದು ದರ್ಜಿ ಅಂಗಡಿಗೆ ಬೀಗ ಜಡಿದ.

ಮೊದಲು ಕ್ಷೌರಿಕನ ಕುರ್ಚಿ. ನೊರೆ ಹಚ್ಚಿಸಿಕೊಂಡೇ, ಮಕ್ಕಳು ತಮಗಿಷ್ಟವಾದ ಬಣ್ಣ ತೊಡಬೇಕು ಎಂದು ವಾದಿಸಿದ. ಕ್ಷೌರಿಕ ಆವೇಶದಿಂದ ಒಪ್ಪಿದ. ಒಪ್ಪುವ ಭರದಲ್ಲಿ ಮೀಸೆಯ ಒಂದು ಬದಿ ಹಾರಿಹೋಯಿತು. ಮಿಕ್ಕ ಬದಿಯನ್ನೂ ತೆಗೆಸದೆ ವಿಧಿಯಿರಲಿಲ್ಲ. ಬೇಕರಿಯಾಕೆಯೂ ಒಪ್ಪಿದಳು, ಹಾಗೆಯೇ ಅಂಗಡಿಯ ಹರಿದ ಪರದೆಗಳನ್ನು ಪುಕ್ಕಟೆ ಹೊಲಿದುಕೊಡಲು ಅವನನ್ನೂ ಒಪ್ಪಿಸಿದಳು. ನಿವೃತ್ತ ಪೋಸ್ಟ್‌ಮ್ಯಾನ್ ತಮ್ಮ ಸೊಸೆಯ ಪರವಾಗಿಯೂ ತಾವೇ ಒಪ್ಪಿ, ಸೊಂಟ ಸಡಿಲಿಸಲೆಂದು ಹಳೇ ಪ್ಯಾಂಟುಗಳನ್ನು ಅವನ ಹೆಗಲಿಗೇರಿಸಿದರು. ಮೀಸೆಯಿಲ್ಲದ ದರ್ಜಿ ಗಂಟು ಹೊತ್ತು, ಕುಸ್ತಿ ಗೆದ್ದವನಂತೆ ಸಭೆಗೆ ಬಂದ.

ಮುಂದಿನ ಸಾಲಿನಲ್ಲಿ ಎದುರಂಗಡಿಯವನ ತಲೆ ಕಂಡದ್ದೇ ಅವನ ನಾಲಿಗೆಗೆ ಎಣ್ಣೆ ಬಿಟ್ಟಂತಾಯಿತು. "ಮಕ್ಕಳೇನು ಒಂದೇ ಅಚ್ಚಿನ ಗುಂಡಿಗಳಾ? ಇಡೀ ಶಾಲೆ ಬಟ್ಟೆ ತಂದು ಮುಂದೆ ಸುರಿದ್ರೂ ನಾನು ಅದಕ್ಕೆ ಕತ್ತರಿ ಇಡಲ್ಲ."

ಚಪ್ಪಾಳೆಯೋ ಚಪ್ಪಾಳೆ. ಮುಖ್ಯೋಪಾಧ್ಯಾಯಿನಿ, ಸಮವಸ್ತ್ರ ಬೇಕೆನ್ನುವವರು ಕೈ ಎತ್ತಿ ಎಂದರು. ಚಪ್ಪಾಳೆ ತಟ್ಟಿದ ಕೈಗಳೆಲ್ಲ ಹಾಗೇ ಮೇಲೆದ್ದವು. ಪಕ್ಕದಲ್ಲಿ ಹೆಂಡತಿಯದೂ.

"ದಿನಾ ಬೆಳಗ್ಗೆ ಯಾವ ಬಟ್ಟೆ ಅಂತ ಮಗಳ ಜೊತೆ ಗುದ್ದಾಡ್ಬೇಕಾದೋಳು ನಾನು ತಾನೇ" ಎಂದು ಅವಳು ಪಿಸುಗುಟ್ಟಿದಳು.

ಬೇಡ ಎಂದು ಎದ್ದದ್ದು ಒಂದೇ ಕೈ.

ಆಗ ಎದುರಂಗಡಿಯವನು ಮೆಲ್ಲನೆ ಎದ್ದು ನಿಂತ. ಕಣ್ಣು ಮಂಜಾಗಿದೆ, ಸೂಜಿಗೆ ದಾರ ಪೋಣಿಸಲೂ ಆಗುತ್ತಿಲ್ಲ, ಶಾಲೆಯ ಕೆಲಸ ಬಿಡುತ್ತಿದ್ದೇನೆ ಎಂದು ದರ್ಜಿಯತ್ತ ಕೈ ತೋರಿಸಿದ. "ನನಗಿಂತ ಅವರ ಕೈ ಒಳ್ಳೇದು, ಕೆಲಸ ಅವರಿಗೇ ಕೊಡಿ ಅಂತ ಬೆಳಗ್ಗೇನೇ ಮೇಡಂ ಹತ್ರ ಹೇಳಿದ್ದೆ. ಅವರ ಮನಸ್ಸಲ್ಲಿ ಇಷ್ಟೆಲ್ಲಾ ಇದೆ ಅಂತ ಗೊತ್ತಿರ್ಲಿಲ್ಲ. ತಪ್ಪಾಯ್ತು."

ದರ್ಜಿ ಎತ್ತಿದ್ದ ಕೈಯನ್ನು ಇಳಿಸಿದ. "ಮೇಡಂ, ಅಭಿಪ್ರಾಯ ಅಂದ್ಮೇಲೆ... ಬದಲಾಗ್ಬಹುದಲ್ವಾ?"

ಮುಖ್ಯೋಪಾಧ್ಯಾಯಿನಿ ಕೈ ಮುಗಿದರು. "ನಿಮ್ಮದು ದೊಡ್ಡ ಮನಸ್ಸು. ಆದ್ರೆ ನಮಗೋಸ್ಕರ ನೀವು ತತ್ವ ಬಿಡೋದು ಬೇಡ."

ಕೆಲಸ ಬಸ್ ನಿಲ್ದಾಣದ ಹತ್ತಿರ ಹೊಸದಾಗಿ ಅಂಗಡಿ ಇಟ್ಟವನ ಪಾಲಾಯಿತು. ಅವನು ಕುಳ್ಳನೋ ಉದ್ದನೋ, ದರ್ಜಿ ಮುಖವನ್ನೂ ನೋಡಿರಲಿಲ್ಲ. ಆದರೂ ಮನೆ ಮುಟ್ಟುವಷ್ಟರಲ್ಲಿ ಅವನನ್ನು ನೆನೆದೇ ಹೊಟ್ಟೆ ಉರಿಯತೊಡಗಿತ್ತು.