ಮುಚ್ಚಳವಿಲ್ಲದ ರೇಡಿಯೇಟರಿಗೆ ಸೀರೆ ಉಡಿಸಿದ್ದು

ಎಂಜಿನ್ನಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ನಮ್ಮ ಕೇರಿಯವರೆಲ್ಲ ನಂಬಿದ್ದರು. ಅವರಿಗಿಂತ ಹೆಚ್ಚಾಗಿ ನಾನು ನಂಬಿದ್ದೆ. ಐಟಿಐ ಪಾಸಾಗಿ ಕಲಘಟಗಿ ಸುತ್ತಲಿನ ಹೊಲಗಳಲ್ಲಿ ಡೀಸೆಲ್ ಪಂಪ್‌ಸೆಟ್ಟುಗಳನ್ನು ಬಿಚ್ಚಿ ಕೂಡಿಸುತ್ತಿದ್ದೆ. ಬಿಚ್ಚಿದ್ದೆಲ್ಲವೂ ಕೂಡುತ್ತಿತ್ತು ಎಂದು ಮಾತ್ರ ನಾನು ಹೇಳಲಾರೆ.

ಎಂಬತ್ತರ ದಶಕದ ಕೊನೆಯಲ್ಲಿ ಕೇರಿಗೊಂದು ಬೋರ್‌ವೆಲ್ ಮಂಜೂರಾಯಿತು. ಊರಲ್ಲಿ ನೀರಿಗೆ ಬರವಿರಲಿಲ್ಲ. ಮೇಲಿನ ಓಣಿಯ ಬಾವಿ ತುಂಬಿಕೊಂಡೇ ಇತ್ತು. ನಾವು ಅದನ್ನು ಮುಟ್ಟುವಂತಿರಲಿಲ್ಲ, ಅಷ್ಟೇ. ಆ ಓಣಿಯವರು ಯಾರಾದರೂ ಸೇದಿ ಸುರಿದರೆ ನಮಗೆ ನೀರು. ನನ್ನ ಹೆಂಡತಿ ಕೆಂಚವ್ವ ಮದುವೆಯಾಗಿ ಬಂದ ಮರುದಿನದಿಂದಲೂ ಹಾಗೆ ಕಾಯುತ್ತ ನಿಂತವಳು.

ಯಂತ್ರ ಬಂತು. ಲಾರಿಯ ಮೇಲೆ ಮನೆಯಷ್ಟು ದೊಡ್ಡ ಕಂಪ್ರೆಸರ್, ಅದನ್ನು ತಿರುಗಿಸಲು ಟರ್ಬೊ ಇದ್ದ ಡೀಸೆಲ್ ಎಂಜಿನ್. ಒಂದೇ ದಿನದ ಕೆಲಸ, ಮರುದಿನ ಅದು ಬೇರೆ ಊರಿಗೆ ಹೋಗಬೇಕು. ನಡೆಸುವವನು ಪಳನಿ, ಸೇಲಂ ಕಡೆಯವನು. ಅವನ ಸಹಾಯಕ ಜ್ವರ ಬಂದು ಮಲಗಿದ್ದರಿಂದ ಆ ಹುದ್ದೆಗೆ ನನ್ನನ್ನು ನಾನೇ ನೇಮಿಸಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ನೂರಾ ನಲವತ್ತು ಅಡಿಯಲ್ಲಿ ಹಸಿ ಮಣ್ಣು ಬಂತು. ಹಸಿ ಮಣ್ಣು ಬಂದರೆ ನೀರಿನ ತಾಯಿ ಗಂಗವ್ವನಿಗೆ ಸೀರೆ ಉಡಿಸಿ ಉಡಿ ತುಂಬಬೇಕು. ಪಳನಿ ಎಂಜಿನ್ ನಿಧಾನಕ್ಕಿಟ್ಟು, ರೇಡಿಯೇಟರ್ ತೋರಿಸಿ, "ಇದರ ಮೇಲೆ ಏನೂ ಹಾಕಬೇಡಿ" ಎಂದು ಹೇಳಿ ಊಟಕ್ಕೆ ಹೋದ. ಕೆಂಚವ್ವ ತನಗಿದ್ದ ಒಂದೇ ಒಂದು ಹಸಿರು ಇಳಕಲ್ ಸೀರೆ ತಂದಳು. ಗಂಗವ್ವನನ್ನು ತರುವ ಯಂತ್ರಕ್ಕೇ ಉಡಿಸಬೇಕು, ಆದರೆ ಅದರ ಮೈಮೇಲೆ ಎಲ್ಲಿ? ಎಲ್ಲರೂ ನನ್ನ ಮುಖ ನೋಡಿದರು.

ರೇಡಿಯೇಟರಿನ ಪಕ್ಕದಲ್ಲೇ ಅಂಥದೇ ಜಾಲರಿಯ ಇನ್ನೊಂದು ಪೆಟ್ಟಿಗೆ ಇತ್ತು. ನಾನು ಸುತ್ತ ತಡವಿ ಪರೀಕ್ಷಿಸಿದೆ. ನೀರು ಹಾಕುವ ಮುಚ್ಚಳವೇ ಇಲ್ಲ! ನೀರಿಲ್ಲದ್ದು ರೇಡಿಯೇಟರ್ ಹೇಗಾದೀತು? ನಿರುಪಯುಕ್ತ ಎಂದು ತೀರ್ಪು ಕೊಟ್ಟು ಸೀರೆ ಹೊದಿಸಿದೆ. ಹೊದಿಸಿದ ಕೂಡಲೇ ಸೀರೆ ತಾನಾಗಿ ಜಾಲರಿಗೆ ಅಂಟಿಕೊಂಡಿತು.

"ಒಪ್ಪಿಕೊಂಡ್ಲು ನಮ್ಮವ್ವ," ಎಂದು ನೆರೆಮನೆಯ ದುರಗವ್ವಾಯಿ ಕೈ ಮುಗಿದಳು.

ಕೆಂಚವ್ವ ಮಾತ್ರ ಸೀರೆಯ ಮೇಲೆ ಅಂಗೈ ಇಟ್ಟು ನೋಡಿದಳು. "ಏನ್ರೀ, ಇದು ಗಾಳಿ ಜಗ್ಗಾಕತ್ತೈತಿ. ಇದಕ್ಕ ಉಸರ ಕಟ್ಟತೈತೋ ಏನೋ. ತಗೀರಿ."

"ಐಟಿಐ ಕಲತಾಂವ ನಾನೋ ನೀನೋ?"

ಅವಳು ಕೈ ತೆಗೆದಳು.

ಊಟ ಮುಗಿಸಿ ಬಂದ ಪಳನಿ ಆಚೆ ಬದಿಯಲ್ಲಿ ನಿಂತು ಕೊರೆಯತೊಡಗಿದ. ಸೀರೆ ಇದ್ದದ್ದು ಈಚೆ ಬದಿಗೆ, ನನ್ನ ಉಸ್ತುವಾರಿಯಲ್ಲಿ. ಸ್ವಲ್ಪ ಹೊತ್ತಿಗೆ ಕರಿ ಹೊಗೆ ಏಳತೊಡಗಿತು. "ಏನಾಯ್ತು?" ಎಂದು ಅವನು ಕೂಗಿದ. ನಾನು ನೀರಿನ ಬಿಸಿ ತೋರಿಸುವ ಮುಳ್ಳು ನೋಡಿದೆ. ಅದು ತನ್ನ ಜಾಗದಲ್ಲೇ ಇತ್ತು. "ಎಲ್ಲಾ ಬರೋಬರಿ ಐತ್ರಿ, ನಡಸ್ರಿ," ಎಂದೆ. ಎಂಜಿನ್ ಏದುಸಿರು ಬಿಡತೊಡಗಿತು. ಪಂಪ್‌ಸೆಟ್ ಕುಂಟಿದರೆ ನಾನು ಮಾಡುತ್ತಿದ್ದ ಮದ್ದು ಒಂದೇ. ಯಾರನ್ನೂ ಕೇಳದೆ ರೇಸ್ ಏರಿಸಿದೆ.

ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಸದ್ದಾಯಿತು. ಎಂಜಿನ್ ನಿಂತಿತು. ಜೊತೆಗೆ ಕಂಪ್ರೆಸರ್ ತೂತಿನೊಳಗೆ ಊದುತ್ತಿದ್ದ ಗಾಳಿಯೂ ನಿಂತದ್ದೇ, ಮೇಲೆ ಹಾರಬೇಕಿದ್ದ ಹಸಿ ಪುಡಿಯೆಲ್ಲ ಕೆಳಗೆ ಕುಸಿದು, ಕೊರೆಯುವ ಸುತ್ತಿಗೆ ನೂರಾ ಐವತ್ತು ಅಡಿಯಲ್ಲಿ ಹೂತುಹೋಯಿತು. ತೂತೂ ಹೋಯಿತು, ಸುತ್ತಿಗೆಯೂ ಹೋಯಿತು.

ಪಳನಿ ಈಚೆ ಬಂದು ಸೀರೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಅವನು ಕೂತು ಪಾಠ ಹೇಳಿದ.

"ಸೈಕಲ್ ಪಂಪ್ ಹೊಡೀತೀರಲ್ಲ, ಬುಡ ಬಿಸಿ ಆಗುತ್ತೆ. ಯಾಕೆ? ಒತ್ತಿದ ಗಾಳಿ ಕಾಯುತ್ತೆ. ಟರ್ಬೊನೂ ಗಾಳಿ ಒತ್ತುತ್ತೆ. ಕಾದ ಗಾಳಿ ತೆಳ್ಳಗೆ. ಅದನ್ನ ಈ ಪೆಟ್ಟಿಗೆ ಒಳಗೆ ಬಿಟ್ಟು, ಹೊರಗಿನ ಗಾಳಿಯಿಂದ ತಂಪು ಮಾಡಿ ಎಂಜಿನ್‌ಗೆ ಕೊಡ್ತೀವಿ. ತಂಪಾದ್ರೆ ಅಷ್ಟೇ ಜಾಗದಲ್ಲಿ ಜಾಸ್ತಿ ಗಾಳಿ, ಡೀಸೆಲ್ ಪೂರ್ತಿ ಉರಿಯುತ್ತೆ. ನೀವು ಮುಚ್ಚಿದ್ರಿ. ಡೀಸೆಲ್ ಅರ್ಧ ಉರೀತು, ಹೊಗೆ ಬಂತು. ಮೇಲೆ ರೇಸ್ ಕೊಟ್ರಿ, ಒಳಗೆ ಬಿಸಿ ಏರಿ ಪಿಸ್ಟನ್ ಕಚ್ಚಿಕೊಂಡು ನಿಂತಿತು."

"ನೀರಿನ ಮುಳ್ಳು ಏರಲೇ ಇಲ್ಲಲ್ರಿ?"

"ನೀರಿನ ರೇಡಿಯೇಟರ್ ನೀವು ಮುಚ್ಚಲಿಲ್ಲವಲ್ಲ."

ಕೇರಿಯ ಮಂದಿಯೆಲ್ಲ ಸುತ್ತ ನಿಂತು ಕೇಳಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಟ್ಟಿದ್ದ ಆರಿಂಚಿನ ಬಾಯಲ್ಲಿ ನಾನು ಹಿಡಿಸುತ್ತಿರಲಿಲ್ಲ.

ಯಂತ್ರವನ್ನು ಇನ್ನೊಂದು ಲಾರಿ ಎಳೆದುಕೊಂಡು ಹೋಯಿತು. ನಮ್ಮ ಸರದಿ ಮತ್ತೆ ಬರಲು ನಾಲ್ಕು ವರ್ಷ ಹಿಡಿಯಿತು. ದುರಗವ್ವಾಯಿ ಅಲ್ಲಿಯವರೆಗೆ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಕೆಂಚವ್ವ ಕೊಡ ತಂದು ನನ್ನ ಮುಂದೆ ಇಟ್ಟಳು. "ಗಾಳಿ ತಂಪ ಮಾಡೂದು ಕಲತ್ರಿ. ಇವತ್ತ ನೀರ ನೀವ ತರ್ರಿ."

ಹೋದೆ. ನಮ್ಮ ಹೆಂಗಸರ ಸಾಲಿನ ಕೊನೆಗೆ, ಬಿಸಿಲಲ್ಲಿ ನಿಂತೆ. ಎಷ್ಟೋ ಹೊತ್ತಿನ ಮೇಲೆ ಮೇಲಿನ ಓಣಿಯ ಗೌಡರ ಸೊಸೆ ನೀರು ಸೇದಲು ಬಂದರು. ಅವರ ಹೊಲದ ಪಂಪ್‌ಸೆಟ್ ನಾನೇ ರಿಪೇರಿ ಮಾಡಿದ್ದೆ.

"ನಿಮ್ಮ ಕೇರಿಗೆ ಮಷಿನ್ ಬಂದಿತ್ತಂತಲ್ಲೋ. ನೀರ ಬಿತ್ತೇನು?"

"ಇಲ್ರೀ, ಅಕ್ಕಾರ."

"ಯಾಕ?"

ಯಾಕೆಂದು ನನ್ನಷ್ಟು ವಿವರವಾಗಿ ಹೇಳಬಲ್ಲವರು ಆ ಹೊತ್ತಿಗೆ ಇಡೀ ತಾಲೂಕಿನಲ್ಲಿ ಇರಲಿಕ್ಕಿಲ್ಲ.

"ಗೊತ್ತಿಲ್ರೀ," ಎಂದು ಕೊಡ ಇಟ್ಟು, ಅವರು ನೀರು ಸುರಿಯಲಿ ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೆ.