ಕೊಕ್ಕರೆಗಳ ಕೊನೆ ಚೆಂಡು, ನಾದಿನಿಯ ನೆಂಟಸ್ತಿಕೆ

"ಇವತ್ತೊಂದು ದಿನ ನಾನು ರೇಡಿಯೋ ಮುಟ್ಟಿದರೆ ನನ್ನ ಹೆಸರು ತೋಕುಜಿ ಅಲ್ಲ!"

ನೆಮುರೊ ಬಂದರಿನ ಚಾಕು ಅಂಗಡಿಯ ತೋಕುಜಿ ಬೆಳಗಿನ ಊಟದ ಮುಂದೆ ಕೂತು ಎದೆ ತಟ್ಟಿಕೊಂಡು ಘೋಷಿಸಿದ. ತಟ್ಟಿದ ರಭಸಕ್ಕೆ ಸಾರಿನ ಬಟ್ಟಲು ಅಲುಗಿತು.

"ಹಾಗಾದರೆ ಸಂಜೆಯೊಳಗೆ ನಿಮಗೊಂದು ಹೊಸ ಹೆಸರು ಹುಡುಕಿಡ್ತೀನಿ," ಎಂದಳು ಹೆಂಡತಿ ಫುಮಿಯೆ, ಮೂಲಂಗಿ ಹೆಚ್ಚುತ್ತ, ತಲೆಯನ್ನೂ ಎತ್ತದೆ.

ಫುಮಿಯೆಯ ಅನುಮಾನಕ್ಕೆ ಕಾರಣವಿತ್ತು. ತೋಕುಜಿ ಹುಟ್ಟಿ ಬೆಳೆದದ್ದು ದೂರದ ಸಕಾಯ್‌ನಲ್ಲಿ, ಓಸಾಕಾದ ಮಗ್ಗುಲಲ್ಲಿ. ಜಪಾನಿನ ಉತ್ತರ ತುದಿಯ ಈ ಮೀನು ಬಂದರಿಗೆ ಚಾಕು ಮಾರಲೆಂದು ಬಂದ, ಫುಮಿಯೆಯನ್ನು ಕಂಡ, ಚಾಕುಗಳಿಗಿಂತ ಮೊದಲು ತಾನೇ ಬಿಕರಿಯಾಗಿಹೋದ! ಊರು ಬಿಟ್ಟ, ಬಳಗ ಬಿಟ್ಟ, ತನ್ನೂರಿನ ಊಟದ ರುಚಿಯನ್ನೂ ಬಿಟ್ಟ. ಬಿಡಲಾಗದೆ ಉಳಿದದ್ದು ಒಂದೇ, ಸಕಾಯ್ ಕೊಕ್ಕರೆಗಳು. ಹಕ್ಕಿಗಳಲ್ಲ ಸ್ವಾಮಿ, ಬೇಸ್‌ಬಾಲ್ ತಂಡ! ಹಕ್ಕಿಗಳಾಗಿದ್ದರೆ ವರ್ಷಕ್ಕೊಮ್ಮೆಯಾದರೂ ಈ ಕಡೆ ಹಾರಿ ಬಂದು ಮುಖ ತೋರಿಸುತ್ತಿದ್ದವು.

ನೆಮುರೊದ ಟೀವಿಗೆ ರಾಜಧಾನಿಯ ತಂಡ ಬಿಟ್ಟರೆ ಬೇರೆ ಯಾರೂ ಕಣ್ಣಿಗೆ ಬೀಳುತ್ತಿರಲಿಲ್ಲ. ಪತ್ರಿಕೆಯನ್ನು ಕೇಳುವುದೇ ಬೇಡ. ಇಷ್ಟು ದೂರ ಬರಬೇಕಲ್ಲ, ಆಟ ಮುಗಿಯುವ ಮೊದಲೇ ಅಚ್ಚಾಗಿರುತ್ತಿತ್ತು. ಒಂಬತ್ತು ಇನಿಂಗ್ಸಿನ ಆಟಕ್ಕೆ 'ಏಳನೇ ಇನಿಂಗ್ಸಿನವರೆಗೆ' ಎಂದು ಬರೆದು ಕೈ ತೊಳೆದುಕೊಳ್ಳುತ್ತಿತ್ತು. ಉಳಿದೆರಡು ಇನಿಂಗ್ಸಿನಲ್ಲಿ ಏನಾಯಿತೋ ಎಂದು ತೋಕುಜಿ ಮರುದಿನವೆಲ್ಲ ಒದ್ದಾಡುತ್ತಿದ್ದ. ಹೀಗಾಗಿ ಅಂಗೈಯಗಲದ ಟ್ರಾನ್ಸಿಸ್ಟರ್ ರೇಡಿಯೋವೇ ಅವನ ಮನೆದೇವರು. ಹೊತ್ತು ಮುಳುಗಿದ ಮೇಲೆ, ಹವಾ ಒಲಿದರೆ, ಓಸಾಕಾ ಸ್ಟೇಷನ್ನು ಅಷ್ಟೂ ಸಮುದ್ರ ದಾಟಿ ಅದರೊಳಗೆ ಬರುತ್ತಿತ್ತು. ಬರುತ್ತಿತ್ತು, ಹೋಗುತ್ತಿತ್ತು, ಮುನಿಸಿಕೊಂಡ ಅಳಿಯನ ಹಾಗೆ ಮತ್ತೆ ಮತ್ತೆ ಕರೆಸಿಕೊಳ್ಳುತ್ತಿತ್ತು.

ಇಂದು ಲೀಗಿನ ಕೊನೆಯ ಪಂದ್ಯ. ಗೆದ್ದರೆ ಕೊಕ್ಕರೆಗಳಿಗೆ ಪಟ್ಟ! ಹಿಂದೊಮ್ಮೆ ಗೆದ್ದಾಗ ತೋಕುಜಿಗೆ ಮೀಸೆ ಚಿಗುರಿರಲಿಲ್ಲ. ಈಗ ಅದೇ ಮೀಸೆ ನೆರೆಯುತ್ತಿದೆ. ಇಂಥ ಮಹಾಪರ್ವದ ಸಂಜೆಯೇ ಫುಮಿಯೆಯ ತಂಗಿ ಶಿನೊಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮಾವ ಇಲ್ಲದ ಮನೆ. ಹೆಣ್ಣಿನ ಕಡೆಯ ಹಿರಿಯ ಎಂದರೆ ತೋಕುಜಿಯೇ. ಸಂಬಂಧ ತಂದಿದ್ದ ಮಧ್ಯಸ್ಥಗಾರ್ತಿ ಬೇರೆ ಜ್ವರ ಎಂದು ಮಲಗಿಬಿಟ್ಟಿದ್ದರು. ಮಾತು ನಡೆಸುವ ಹೊಣೆಯೆಲ್ಲ ಇವನ ತಲೆಗೆ ಬಂತು.

"ಭಾವ," ಎಂದಳು ಶಿನೊ, ಅಡುಗೆಮನೆಯಿಂದ ಬಂದು ಎದುರಿಗೇ ಕೂತು. "ವಸಂತದಲ್ಲಿ ಬಂದಿದ್ದ ಸಂಬಂಧ ಯಾಕೆ ತಪ್ಪಿಹೋಯ್ತು ಅಂತ ನೆನಪಿದೆಯಾ?"

"ಅದು... ಅವರಿಗೆ ಮನೆ ದೂರ ಆಯ್ತು ಅಂತ..."

"ಅವರಮ್ಮ ಮಾತಾಡ್ತಿರುವಾಗ ನೀವು ಗೊಳೋ ಅಂತ ಅತ್ತಿರಿ! ನಿಮ್ಮ ಕೊಕ್ಕರೆ ಸೋತಿತ್ತು ಅಂತ! ಈ ಮನೆಯಲ್ಲಿ ಯಾರೋ ಸತ್ತಿದ್ದಾರೆ ಅಂದ್ಕೊಂಡು ಅವರು ಚಪ್ಪಲಿ ಮೆಟ್ಟಿ ಹೊರಟೇಹೋದರು. ಇವತ್ತು ಬರೋ ಹುಡುಗ ಕೋಹೆಯ್ ನನಗೆ ನಿಜವಾಗ್ಲೂ ಇಷ್ಟ ಆಗಿದ್ದಾನೆ, ಭಾವ. ಇವತ್ತೂ ಕೆಡಿಸಿದರೆ ನಾನು ಜನ್ಮದಲ್ಲಿ ನಿಮ್ಮ ಹತ್ರ ಮಾತಾಡಲ್ಲ."

ಶಿನೊ ಜಡೆ ಹಾಕಿಕೊಳ್ಳುತ್ತಿದ್ದ ಕಾಲದಿಂದ ತೋಕುಜಿಯ ಕಣ್ಣೆದುರೇ ಬೆಳೆದವಳು. ಅವಳಿಗಾಗಿ ಪ್ರಾಣ ಕೊಡಲೂ ಅವನು ಸಿದ್ಧ. ಆದರೆ ಪ್ರಾಣ ಯಾರೂ ಕೇಳುತ್ತಿಲ್ಲವಲ್ಲ, ಪಂದ್ಯ ಬಿಡು ಅನ್ನುತ್ತಿದ್ದಾರೆ! ಇಡೀ ದಿನ ಚಾಕು ಮಸೆಯುತ್ತ ಯೋಚಿಸಿದ. ಸಂಜೆಯಾಗುತ್ತಲೇ ದಾರಿ ಹೊಳೆಯಿತು. ಮುಟ್ಟಬಾರದು, ಅಷ್ಟೇ ತಾನೆ? ಕೈಬಟ್ಟೆಯಲ್ಲಿ ಸುತ್ತಿದರೆ ಮುಟ್ಟಿದ ಹಾಗಾಗುವುದಿಲ್ಲ! ರೇಡಿಯೋ ಕೈಬಟ್ಟೆಯೊಳಗೆ ಹೋಯಿತು, ಕೈಬಟ್ಟೆ ನಿಲುವಂಗಿಯ ಜೋಲುತೋಳಿನೊಳಗೆ ಹೋಯಿತು. ಇಯರ್‌ಫೋನಿನ ತಂತಿ ಕಂಕುಳಲ್ಲಿ ನುಸುಳಿ, ಕುತ್ತಿಗೆ ಏರಿ, ಕೂದಲಡಿ ಸಾಗಿ ಕಿವಿ ಸೇರಿತು. ಕೋಟೆಗೆ ಸುರಂಗ ಕೊರೆದವರೂ ಇಷ್ಟು ಜಾಣತನ ತೋರಿಸಿರಲಿಕ್ಕಿಲ್ಲ.

ಗಂಡಿನ ತಂದೆ ಒನೊದೆರಾ ಯಜಮಾನರು ಬಂದರು. ಬಿಳಿ ಗಡ್ಡ, ಬಂಡೆಯಂಥ ಮೈ, ಮಾತು ಕಮ್ಮಿ. ಜೊತೆಗೆ ಬೆನ್ನು ಬಾಗಿಸದೆ ಕೂರುವ ಅವರ ಹೆಂಡತಿ, ಮತ್ತು ಕಿವಿಯವರೆಗೂ ಕೆಂಪಾಗಿದ್ದ ಮಗ ಕೋಹೆಯ್. ನಮಸ್ಕಾರ, ಪ್ರತಿನಮಸ್ಕಾರ, ಅದಕ್ಕೊಂದು ಮರುನಮಸ್ಕಾರ ಎಲ್ಲವೂ ಮುಗಿಯಿತು. ಫುಮಿಯೆ ಬೇಯಿಸಿದ ಏಡಿಗಳ ದೊಡ್ಡ ತಟ್ಟೆ ತಂದಿಟ್ಟಳು. ತೋಕುಜಿಯ ಕಿವಿಯಲ್ಲಿ ಮಾತ್ರ ಬರೀ ಗೊರಗೊರ!

ಆಗ ಯಜಮಾನರು ಏಡಿಯ ಕಾಲಿಗೆಂದು ಮುಂದಕ್ಕೆ ಬಾಗಿದರು. ಒಡನೆಯೇ ಕಿವಿಯಲ್ಲಿ ಸ್ಫಟಿಕದಂಥ ದನಿ! "...ಐದನೇ ಇನಿಂಗ್ಸ್, ಕೊಕ್ಕರೆಗಳು ಎರಡು, ನಗೋಯಾ ಮೂರು..." ಯಜಮಾನರು ಹಿಂದಕ್ಕೆ ಸರಿದರು. ಗೊರಗೊರ. ಬಾಗಿದರು, ಓಸಾಕಾ! ಸರಿದರು, ಗೊರಗೊರ! ಆಹಾ, ಗಂಡಿನ ತಂದೆಯೇ ಸಾಕ್ಷಾತ್ ಏರಿಯಲ್!

"ಯಜಮಾನರೇ, ಇನ್ನೊಂದು ಕಾಲು ತಗೊಳ್ಳಿ," ಎಂದು ತೋಕುಜಿ ತಟ್ಟೆಯನ್ನು ತನ್ನ ತೋಳಿನ ಹತ್ತಿರಕ್ಕೆ ಎಳೆದುಕೊಂಡ.

"ಸಾಕು, ಸಾಕು."

"ಅಯ್ಯೋ, ಸಾಕು ಅಂದ್ರೆ ನಮಗೆ ಅವಮಾನ! ಇದನ್ನ ತಿನ್ನಿ. ಇಲ್ಲ ಇಲ್ಲ, ಅಲ್ಲಿಂದಲ್ಲ, ಹೀಗೆ ಬಗ್ಗಿ ತಗೊಳ್ಳಿ. ಇನ್ನೂ ಸ್ವಲ್ಪ ಬಗ್ಗಿ. ಹಾಂ! ಹಾಗೇ ಇರಿ!"

"ಎಂಥಾ ಉಪಚಾರ!" ಎಂದರು ಒನೊದೆರಾ ಅಮ್ಮನವರು, ಮೆಚ್ಚಿಕೊಂಡು. ಫುಮಿಯೆ ಮಾತ್ರ ಗಂಡನನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಏಳನೇ ಇನಿಂಗ್ಸ್ ಮುಗಿಯುವ ಹೊತ್ತಿಗೆ ಪಾಪ, ಆ ಹಿರಿಯರು ಮೂರಾಳಿನ ಏಡಿ ತಿಂದು ಬೆವರುತ್ತಿದ್ದರು.

ಒಂಬತ್ತನೇ ಇನಿಂಗ್ಸ್ ಬಂತು. ಕೊಕ್ಕರೆಗಳದೇ ಕೊನೆಯ ಸರದಿ, ಗೆಲ್ಲಲು ಬೇಕಾದದ್ದು ಎರಡು ರನ್. ಸರಿಯಾಗಿ ಆಗಲೇ ಯಜಮಾನರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎದ್ದರು.

"ಸ್ವಲ್ಪ... ಕೈಕಾಲು ತೊಳೆದು ಬರ್ತೀನಿ."

"ಬೇಡಿ!" ತೋಕುಜಿ ಅವರ ಕೈ ಹಿಡಿದುಕೊಂಡ. "ಈಗ ಬೇಡಿ! ಒಂದೇ ಒಂದು ಇನಿಂಗ್ಸ್ ತಡ್ಕೊಳ್ಳಿ!"

"ಏನು ತಡ್ಕೋಬೇಕು?"

ಯಜಮಾನರು ಕೈ ಕೊಸರಿದರು, ತೋಕುಜಿ ಎಳೆದ. ಆ ಎಳೆದಾಟದಲ್ಲಿ ತಂತಿ ಕಿತ್ತು ಬಂತು. ತೋಕುಜಿಯ ತೋಳಿನೊಳಗಿಂದ ಓಸಾಕಾದ ಗಂಡಸೊಬ್ಬ ಗಂಟಲು ಹರಿಯುವಂತೆ ಅರಚತೊಡಗಿದ: "ಹೊಡೆದರು! ಹೊಡೆದರು! ಮೊದಲ ಬೇಸಿನಲ್ಲಿ ಓಟಗಾರ!"

ಏಡಿಗಳು ಕೂಡ ನಾಚಿ ಇನ್ನಷ್ಟು ಕೆಂಪಾದಂತೆ ಕಂಡವು. ಫುಮಿಯೆ ಕಣ್ಣು ಮುಚ್ಚಿಕೊಂಡಳು. ಶಿನೊ ಮುಖ ಆಚೆ ತಿರುಗಿಸಿದಳು. ಅದನ್ನು ಕಂಡ ತೋಕುಜಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಾಪೆಗೆ ಹಣೆ ಹಚ್ಚಿ, "ತಪ್ಪೆಲ್ಲ ನನ್ನದು, ಹುಡುಗಿ ಬಂಗಾರದಂಥವಳು," ಎಂದು ಬಡಬಡಿಸಿದ.

"ಆ ಡಬ್ಬಿ ಈಚೆ ಕೊಡಿ," ಎಂದರು ಯಜಮಾನರು.

ಎಸೆದುಬಿಡುತ್ತಾರೆ ಎಂದುಕೊಂಡೇ ತೋಕುಜಿ ಕೊಟ್ಟ. ಅವರು ಕಿವಿಗೆ ಹಿಡಿದರು, ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಗಡ್ಡದೊಳಗೆ ಮೆಲ್ಲಗೆ ಏನೋ ಬೆಳಗತೊಡಗಿತು.

"ಯಾವ ಸ್ಟೇಷನ್ನು ಇದು?"

"ಓ... ಓಸಾಕಾ."

"ಓಸಾಕಾ? ನೆಮುರೊದಲ್ಲಿ? ಈ ಬೆಂಕಿಪೊಟ್ಟಣದಲ್ಲಿ?"

"ಮುಗೀತು ಕಥೆ," ಎಂದು ಒನೊದೆರಾ ಅಮ್ಮನವರು ಹಣೆ ಚಚ್ಚಿಕೊಂಡರು. "ಜೀವಮಾನವೆಲ್ಲ ಏಡಿ ಹಿಡಿಯೋ ಹಡಗಿನಲ್ಲಿ ವೈರ್‌ಲೆಸ್ ನೋಡ್ಕೊಂಡಿದ್ದವರು ಇವರು. ನಿವೃತ್ತಿ ಆದ ಮೇಲೆ ಗೊರಗೊರ ಕೇಳದೆ ಸರಿಯಾಗಿ ನಿದ್ದೇನೇ ಮಾಡಿಲ್ಲ!"

ಯಜಮಾನರಿಗೆ ಹೊಟ್ಟೆಯುಬ್ಬರ ಮರೆತೇಹೋಯಿತು. ದನಿ ಕ್ಷೀಣಿಸಿದ್ದೇ ತಡ, ಅವರು ಸೊಂಟಕ್ಕೆ ಕೈಕೊಟ್ಟು ಹಡಗಿನ ಮೇಲೆ ನಿಂತವರಂತೆ ಗರ್ಜಿಸಿದರು. "ಕೋಹೆಯ್! ಕಬ್ಬಿಣದ ಕೆಟಲ್ ಹಿಡ್ಕೊಂಡು ಬಾಗಿಲಲ್ಲಿ ನಿಲ್ಲು! ನೀವಮ್ಮ, ಛತ್ರಿ ಬಿಚ್ಚಿ ಸ್ಟೂಲ್ ಹತ್ತಿ! ಲೇ ಇವಳೇ, ಇಕ್ಕಳ ಹಿಡಿದು ಗೋಡೆಗೆ ಒರಗು!"

"ಬೇಸ್‌ಬಾಲ್ ಅಂದ್ರೆ ನಿಮಗೂ ಅಷ್ಟು ಇಷ್ಟವೇ ಯಜಮಾನರೇ?" ಎಂದ ತೋಕುಜಿ, ಕಣ್ಣಲ್ಲಿ ನೀರು ತುಂಬಿಕೊಂಡು.

"ಬೇಸ್‌ಬಾಲ್ ಹಾಳಾಗಿ ಹೋಗ್ಲಿ! ಯಾರು ಗೆದ್ದರೆ ನನಗೇನು? ದನಿ ಸ್ವಚ್ಛವಾಗಿ ಬರಬೇಕು!"

ಕೆಟಲ್‌ಗೆ ಅರ್ಧ ಮಾತು ಬಂತು, ಛತ್ರಿಗೆ ಕಾಲು ಮಾತು. ಇಕ್ಕಳಕ್ಕೆ ಎಲ್ಲಿಂದಲೋ ಯಾವುದೋ ಭಾಷೆಯ ಹಾಡು ಬಂತು. ಕೊನೆಗೆ ಅಂಗಡಿಯಿಂದ ತಾಮ್ರದ ತಂತಿ ತರಿಸಿ, ಕಿಟಕಿಯ ಸಂದಿಯಿಂದ ಹೊರಗೆ ಬಿಟ್ಟು, ಅಂಗಳದ ಬಟ್ಟೆ ಒಣಗಿಸುವ ಕಬ್ಬಿಣದ ಕೋಲಿಗೆ ಸುತ್ತಿಸಿದರು. ಕೋಲನ್ನು ಗೋಡೆಗೆ ಒರಗಿಸಿದರೆ ಗೊರಗೊರ. ಕೋಹೆಯ್ ಹಿಡಿದರೂ ಗೊರಗೊರ. ತೋಕುಜಿ ಹಿಡಿದ ಕೂಡಲೇ ಗಂಟೆ ಹೊಡೆದಂತೆ ಓಸಾಕಾ!

"ನಿಮ್ಮ ಮೈಯಲ್ಲೇ ಓಸಾಕಾ ಇದೆ ಕಣ್ರೀ!" ಎಂದು ಯಜಮಾನರು ಒಳಗಿನಿಂದ ಕೂಗಿದರು. "ಕೋಲನ್ನ ಎತ್ತಿ ಹಿಡೀರಿ. ಉಸಿರಾಡಿದರೂ ಮೆಲ್ಲಗೆ ಆಡಿ!"

"ನನಗೆ ಇಲ್ಲಿಗೆ ಏನೂ ಕೇಳಿಸ್ತಿಲ್ಲ! ಕಿಟಕಿಯಾದರೂ ತೆಗೀರಿ!"

"ಹಡಗುಗಳಿಗೆ ಊದೋ ಮಂಜಿನ ಸೈರನ್ ದನಿ ಒಳಗೆ ಬರುತ್ತೆ. ಆಗೋದಿಲ್ಲ!"

ಕಿಟಕಿ ಧಡ್ ಎಂದು ಮುಚ್ಚಿಕೊಂಡಿತು. ನೋಡಿ ಗ್ರಹಚಾರ! ಮೀಸೆ ನೆರೆಯುವವರೆಗೆ ಕಾದ ಪಂದ್ಯ, ಅದರ ಕೊನೆಯ ಗಳಿಗೆ. ಆ ದನಿ ಅವನ ಅಂಗೈಯಿಂದಲೇ ಮೈಯೊಳಗೆ ಹಾದು ಒಳಗೆ ಹರಿಯುತ್ತಿದೆ, ಅವನ ಕಿವಿಗೆ ಮಾತ್ರ ಬಂದರಿನ ಮಂಜಿನಲ್ಲಿ ಸೈರನ್ನಿನ 'ಬೂಂ' ಬಿಟ್ಟರೆ ಬೇರೇನೂ ಇಲ್ಲ!

ಶಿನೊಗೆ ಕನಿಕರ ಹುಟ್ಟಿತೋ ಏನೋ, ಕಣ್ಣೊರೆಸಿಕೊಂಡು ಕಿಟಕಿಗೆ ಬಂದಳು. ಗಾಜಿನಾಚೆಯಿಂದ ಎರಡು ಬೆರಳು ತೋರಿಸಿ ಕತ್ತು ಕುಯ್ಯುವಂತೆ ಸನ್ನೆ ಮಾಡಿದಳು. ಇಬ್ಬರು ಔಟ್, ಇನ್ನೊಬ್ಬ ಹೋದರೆ ಆಟವೇ ಮುಗಿಯಿತು! ಆಮೇಲೆ ಮೂರು ಬೆರಳು ತೋರಿಸಿ ಕೈಗಳನ್ನು ಅಗಲಿಸಿದಳು. ಮೂರೂ ಬೇಸಿನಲ್ಲಿ ಓಟಗಾರರು! ಒಂದೇ ಒಂದು ಹೊಡೆತ, ಪಟ್ಟ! ಅಲ್ಲಾಡಿದರೆ ಕೆಟ್ಟೆ ಎಂದು ತೋಕುಜಿ ಮೊಣಕಾಲಿಗೆ ಮೊಣಕಾಲು ಒತ್ತಿ ನಿಂತ. ಒಳಗೆ ಶಿನೊಳೂ ಸೇರಿ ಎಲ್ಲರೂ ರೇಡಿಯೋ ಸುತ್ತ ತಲೆಗೆ ತಲೆ ಹಚ್ಚಿ ಕುಳಿತಿದ್ದರು. ಕೋಹೆಯ್ ತನಗರಿವಿಲ್ಲದೆ ಶಿನೊಳ ತೋಳು ಹಿಡಿದಿದ್ದ. ಅವಳೂ ಬಿಡಿಸಿಕೊಂಡಿರಲಿಲ್ಲ.

ಇದ್ದಕ್ಕಿದ್ದಂತೆ ಒಳಗಿದ್ದವರೆಲ್ಲ ಎದ್ದು ನೆಗೆದರು! ಒನೊದೆರಾ ಅಮ್ಮನವರು ಇಕ್ಕಳ ಸಮೇತ ನೆಗೆದರು! ಶಿನೊ ಎರಡೂ ಕೈ ಮೇಲೆತ್ತಿ ಚೀರಿದಳು. ಫುಮಿಯೆ, ಕೊಕ್ಕರೆ ಎಂದರೆ ಮೂಗು ಮುರಿಯುವ ಫುಮಿಯೆ, ಮತ್ತೆ ಸ್ಟೂಲು ಹತ್ತಿ ಕುಣಿಯುತ್ತಿದ್ದಳು!

ಇನ್ನೇನು ಬೇಕು? ಗೆದ್ದಾಯಿತು! ತೋಕುಜಿ "ಬಾನ್‌ಜಾಯ್!" ಎಂದು ಬಂದರೇ ಬೆಚ್ಚುವಂತೆ ಜಯಘೋಷ ಕೂಗಿ, ಎರಡೂ ಕೈಗಳಿಂದ ಕೋಲನ್ನು ಆಕಾಶಕ್ಕೆ ಎಸೆದ. ತಂತಿ ಕಿತ್ತಿತು, ಕೋಲು ಬೇಲಿಯಾಚೆ ಬಿತ್ತು. ಅವನು ಅಳುತ್ತ, ನಗುತ್ತ, ಒದ್ದೆ ಅಂಗಳದಲ್ಲಿ ಉರುಳಾಡಿದ.

ಎದ್ದು ನೋಡುತ್ತಾನೆ, ಕಿಟಕಿ ತೆರೆದಿದೆ. ಐದು ಮುಖಗಳು ಅವನನ್ನೇ ನೋಡುತ್ತಿವೆ. ಒಂದರಲ್ಲೂ ನಗುವಿಲ್ಲ.

"ಚೆಂಡು ಇನ್ನೂ ಗಾಳಿಯಲ್ಲಿತ್ತು, ಭಾವ," ಎಂದಳು ಶಿನೊ.

"ಗಾಳಿಯಲ್ಲಿ ಅಂದ್ರೆ?"

"'ಹೊಡೆದರು! ಎತ್ತರಕ್ಕೆ ಹೋಗ್ತಿದೆ, ಹೋಗ್ತಿದೆ, ಗೋಡೆ ಹತ್ತಿರ, ಆಟಗಾರ ಕೈ ಚಾಚಿದ...' ಅಂತಿದ್ದ ರೇಡಿಯೋದವನು. ಆಮೇಲೆ ಗೊರಗೊರ."

"ಯಾರು ಕೈ ಬಿಟ್ಟಿದ್ದು ಕೋಲನ್ನ?" ಎಂದು ಗುಡುಗಿದರು ಒನೊದೆರಾ ಯಜಮಾನರು. "ಬಿರುಗಾಳಿಯಲ್ಲೂ ನಾನು ಒಂದು ದಿನ ಸಿಗ್ನಲ್ ಕೈ ಬಿಟ್ಟವನಲ್ಲ!"

ತೋಕುಜಿ ಅಂಗಡಿಯ ಫೋನಿಗೆ ಓಡಿದ. ಸಕಾಯ್‌ನಲ್ಲಿದ್ದ ಅಣ್ಣನಿಗೆ ಮಾಡಿದ. ಅಣ್ಣ ಎತ್ತಿದ್ದೇ ತಡ, ಬಿಕ್ಕಿ ಬಿಕ್ಕಿ ಅಳತೊಡಗಿದ.

"ಗೆದ್ವೋ ಸೋತ್ವೋ ಹೇಳೋ ಮಾರಾಯ!"

ಅಣ್ಣನದು ಒಂದೇ ಅಳು. ಆ ವಂಶದಲ್ಲಿ ಗೆದ್ದರೂ ಹಾಗೇ ಅಳುವುದು, ಸೋತರೂ ಹಾಗೇ ಅಳುವುದು! ಇವನೂ ಅಳತೊಡಗಿದ. ಕೊನೆಗೆ ಫುಮಿಯೆ ಫೋನು ಕಿತ್ತುಕೊಂಡು, ಅತ್ತಿಗೆಯನ್ನು ಕರೆಸಿ, ವಿಚಾರಿಸಿ ಕೆಳಗಿಟ್ಟಳು.

"ಚೆಂಡು ಮೈದಾನದ ಗೋಡೆ ದಾಟಿತಂತೆ. ಗೆದ್ದರಂತೆ. ಇಡೀ ಸಕಾಯ್ ಬೀದಿಯಲ್ಲಿದೆಯಂತೆ."

ತೋಕುಜಿ ಹಾರಿದ, ಕುಣಿದ, ಸಾಕೆ ಮದ್ಯದ ಹೂಜಿ ಹಿಡಿದು ಒಳಗೆ ಬಂದು ಕಂಡಕಂಡವರ ಬಟ್ಟಲಿಗೆ ತುಳುಕುವಂತೆ ಸುರಿದ. ಶಿನೊ ಚಾಪೆಯ ಅಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವಳನ್ನು ಕಂಡದ್ದೇ ಅವನ ಕುಣಿತ ನಿಂತಿತು. ಹೂಜಿ ಹಿಡಿದೇ ಯಜಮಾನರ ಎದುರು ಮಂಡಿಯೂರಿದ.

"ಯಜಮಾನರೇ, ನಮ್ಮ ಹುಡುಗಿಯ ವಿಷಯ... ನನ್ನಿಂದಾಗಿ..."

ಯಜಮಾನರು ಗಡ್ಡ ನೀವಿಕೊಂಡರು. ಹೆಂಡತಿಯ ಮುಖ ನೋಡಿದರು. ಶಿನೊಳ ತೋಳನ್ನು ಮತ್ತೆ ಹಿಡಿದು ಕೂತಿದ್ದ ಮಗನ ಮುಖವನ್ನೂ ನೋಡಿದರು.

"ಹುಡುಗಿ ನಮಗೆ ಒಪ್ಪಿಗೆ. ಕಿಟಕಿಯಲ್ಲಿ ನಿಂತು ಸನ್ನೆ ಕೊಟ್ಟಳಲ್ಲ, ಅಂಥ ಸೊಸೆ ಸಿಗಬೇಕು. ಬರೋ ವಸಂತದಲ್ಲೇ ಮದುವೆ ಆಗ್ಲಿ. ಆದರೆ ಒಂದು ಷರತ್ತು."

"ಏನಾದರೂ ಹೇಳಿ! ಪ್ರಾಣ ಬೇಕಾದರೂ ಕೊಡ್ತೀನಿ!"

"ಮದುವೆ ದಿನ ಈ ಭಾವನವರ ಕೈಗೆ ಯಾರೂ ಏನನ್ನೂ ಹಿಡಿಯೋದಕ್ಕೆ ಕೊಡಬಾರದು."

"ಆಯ್ತು," ಎಂದಳು ಫುಮಿಯೆ, ಅವನ ಕೈಯಿಂದ ಹೂಜಿಯನ್ನು ಬಿಡಿಸಿಕೊಳ್ಳುತ್ತ.