ಸೋಮವಾರ ಅಡುಗೆಮನೆ, ಭಾನುವಾರ ಮರ್ಯಾದೆ

ಮನೆ ಚೊಕ್ಕಟವಾಗಿಡುವ ನನ್ನ ಯೋಜನೆಗೆ ತಗುಲಿದ ವೆಚ್ಚ: ಒಂದು ಗಾಜಿನ ಜಗ್ಗು, ಒಂದು ಗೋಡೆ ಗಡಿಯಾರ, ಮತ್ತು ಗಂಡಿನ ಕಡೆಯವರ ಮುಂದೆ ನನಗಿದ್ದ ಅಷ್ಟೂ ಮರ್ಯಾದೆ. ಮೊದಲೆರಡು ಕೊಪ್ಪದ ನನ್ನ ಅಂಗಡಿಯಲ್ಲೇ ಸಿಗುತ್ತವೆ. ಮೂರನೆಯದರ ಸ್ಟಾಕ್ ಇಲ್ಲ.

ತಳ್ಳುಗಾಡಿಯಲ್ಲಿ ಬಕೆಟ್ ಮಾರಿ ಮೇಲೆ ಬಂದವನು ನಾನು. ಚೌಕಾಸಿಯಲ್ಲಿ ಸೋತವನಲ್ಲ. ಮಗಳು ಶಬಾನಾಳನ್ನು ನೋಡಲು ನರಸಿಂಹರಾಜಪುರದವರು ಭಾನುವಾರ ಸಂಜೆ ಬರುತ್ತಾರೆಂದು ತಿಳಿದಾಗ ಹೆಂಡತಿ ನಸೀಮಾ ಜೊತೆಗೂ ಚೌಕಾಸಿಗೆ ಕುಳಿತೆ.

"ನಂಗೆ ಮಂಡಿನೋವು. ಕ್ಲೀನ್ ಮಾಡ್ಲಿಕ್ಕೆ ಇಬ್ರು ಆಳು ಕರೀರಿ."

"ಆಳು ಎಂತಕ್ಕೆ? ದಿನಕ್ಕೊಂದು ಕೋಣೆ, ಅರ್ಧ ಗಂಟೆ. ಅಂಗಡಿ ಕಪಾಟು ಒರೆಸೋದೂ ನಾನು ಹೀಗೇ. ನೀನು ಸುಮ್ನೆ ಕೂತ್ಕೋ."

"ಶಬಾನಾಗೆ ಹುಡುಗ ಇಷ್ಟ ಆಗಿದಾನೆ. ಹಾಳು ಮಾಡ್ಬೇಡಿ ಮಾರಾಯ್ರೆ."

ಸೋಮವಾರ ಅಡುಗೆಮನೆ ಹೊಳೆಯಿತು! ಮುಚ್ಚಳವಿಲ್ಲದ ಡಬ್ಬಿ, ಹಿಡಿಯಿಲ್ಲದ ಬಾಣಲೆಗಳು ಊಟದ ಕೋಣೆಗೆ ಹೋದವು. ಮಂಗಳವಾರ ಊಟದ ಕೋಣೆಯೂ ಹೊಳೆಯಿತು. ಅವೆಲ್ಲ ಅಲ್ಲಿದ್ದ ಕೆಟ್ಟ ಮಿಕ್ಸಿಯನ್ನೂ ಜೊತೆಗೆ ಕರೆದುಕೊಂಡು ಮಲಗುವ ಕೋಣೆಗೆ ನಡೆದವು. ಹೀಗೆ ಪ್ರತಿ ಕೋಣೆಯೂ ತನ್ನ ಹೊರೆಯನ್ನು ಮುಂದಿನ ಕೋಣೆಗೆ ಸವಿನಯ ವರ್ಗಾಯಿಸಿತು. ಶನಿವಾರ ಎಲ್ಲವೂ ಹಿಂದಿನ ಚಿಕ್ಕ ಕೋಣೆ ಸೇರಿದವು. ಬಾಗಿಲಿಗೆ ಬೆನ್ನು ಕೊಟ್ಟು ನೂಕಿ ಚಿಲಕ ಹಾಕಿದೆ. ಅದರ ಸರದಿ ಭಾನುವಾರ.

"ತೆಗ್ದದ್ದೆಲ್ಲ ಎಲ್ಲಿ ಹೋಯ್ತು?" ಎಂದಳು ನಸೀಮಾ.

"ಅದಕ್ಕೊಂದು ವ್ಯವಸ್ಥೆ ಇದೆ!"

ಭಾನುವಾರ ನಾನು ಪೊರಕೆ ಹಿಡಿಯುವ ಮೊದಲೇ ಗಂಡಿನ ಕಡೆಯವರು ಇಳಿದರು. ಸಂಜೆ ಬಸ್ಸನ್ನು ನಂಬಲಿಕ್ಕಾಗುವುದಿಲ್ಲವಂತೆ. ಹುಡುಗನ ಅಜ್ಜಿ ಕಿಟಕಿಯ ಮೇಲೆ ಬೆರಳು ಸವರಿ ನೋಡಿದರು. ಧೂಳಿಲ್ಲ.

"ಎಷ್ಟು ಚೊಕ್ಕ ಇಟ್ಟಿದೀರಿ ಭಾಯಿ!"

"ದಿನಕ್ಕೆ ಅರ್ಧ ಗಂಟೆ ಸಾಕು. ನೀವೂ ಶುರು ಮಾಡಿ," ಎಂದು ಉಪದೇಶಿಸಿದೆ. ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಮಧ್ಯಾಹ್ನದ ಅಜಾನ್ ಕೇಳಿಸಿತು. ಅಜ್ಜಿ ಎದ್ದರು. "ನಮಾಜಿಗೆ ಜಾಗ ತೋರ್ಸಮ್ಮ."

"ಬನ್ನಿ, ಹಿಂದಿನ ಚಿಕ್ಕ ಕೋಣೆ. ನಾವು ಯಾವಾಗ್ಲೂ ಅಲ್ಲೇ ಮಾಡೋದು," ಎಂದಳು ನಸೀಮಾ.

ಮಂಡಿನೋವಿನಿಂದ ಆ ವಾರ ಅವಳು ಮಲಗುವ ಕೋಣೆಯಲ್ಲೇ ಕುರ್ಚಿಯಲ್ಲಿ ಕೂತು ನಮಾಜು ಮಾಡುತ್ತಿದ್ದಳು. ಚಿಕ್ಕ ಕೋಣೆಯ ಸ್ಥಿತಿ ಅವಳಿಗೆ ಗೊತ್ತಿರಲಿಲ್ಲ. ನಾನು ಅಡ್ಡ ನಿಲ್ಲುವಷ್ಟರಲ್ಲಿ ಚಿಲಕ ಸರಿದಿತ್ತು.

ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಮೊದಲು ಬಂದದ್ದು ಬಾಣಲೆ. ಅದರ ಹಿಂದೆ ಮಿಕ್ಸಿ. ಜಗ್ಗು, ಗಡಿಯಾರ ಚೂರಾದವು. ಎಲ್ಲ ಮುಗಿಯಿತು ಅನ್ನುವಾಗ ಒಂಟಿ ಚಪ್ಪಲಿಯೊಂದು ನಿಧಾನವಾಗಿ ಜಾರಿ ಬಂದು ಅಜ್ಜಿಯ ಪಾದದ ಬಳಿ ನಿಂತಿತು.

ಚಹಾದ ತಟ್ಟೆ ಹಿಡಿದು ನಿಂತಿದ್ದ ಶಬಾನಾ ನನ್ನ ಮುಖ ನೋಡಲಿಲ್ಲ. ಆ ವಾರದಲ್ಲಿ ನಾನು ಹೊತ್ತ ಯಾವ ಸಾಮಾನೂ ಅಷ್ಟು ಭಾರವಿರಲಿಲ್ಲ.

ಅಜ್ಜಿ ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿದರು. "ನಮ್ಮನೇಲೂ ಇಂಥದ್ದೊಂದು ಕೋಣೆ ಇದೆ ಭಾಯಿ. ನಾವು ಬೀಗ ಹಾಕ್ತೀವಿ."

ಶಬಾನಾ ನಕ್ಕಳು. ಅವಳ ಕೈಲಿದ್ದ ಚಹಾ ಸ್ವಲ್ಪ ಚೆಲ್ಲಿತು. ಹೊಳೆಯುತ್ತಿದ್ದ ನೆಲದ ಮೇಲೆಯೇ!

ಅಜ್ಜಿ ಮಲಗುವ ಕೋಣೆಯಲ್ಲಿ ನಮಾಜು ಮುಗಿಸಿ ಬಂದು ಸಂಬಂಧ ಪಕ್ಕಾ ಮಾಡಿದರು. ಷರತ್ತು ಒಂದೇ: ಮಕ್ಕಳ ಹೊಸ ಮನೆ ಜೋಡಿಸಲು ಹುಡುಗಿಯ ಅಪ್ಪ ಬರಬಾರದು. ಒಪ್ಪಿದೆ. ಜೀವಮಾನದಲ್ಲಿ ಮೊದಲ ಸಲ, ಹೇಳಿದ ಬೆಲೆಗೇ.

ಆದ್ದರಿಂದ ಓದುಗರೇ, ದಿನಕ್ಕೊಂದು ಕೋಣೆ ಅನ್ನುವುದು ಸರಿಯೇ. ಆದರೆ ಕೋಣೆಯಿಂದ ಹೊರಟ ಸಾಮಾನು ಆ ದಿನವೇ ಮನೆಯಿಂದಲೂ ಹೊರಡಬೇಕು. ಗುಜರಿಗೋ, ಬೇಕಾದವರಿಗೋ, ಎಲ್ಲಿಗಾದರೂ ಸರಿ. ಅದು ನಿಮ್ಮಿಂದಾಗದಿದ್ದರೆ ಒಂದು ಗಟ್ಟಿ ಬೀಗ ಕೊಳ್ಳಿ. ನನ್ನ ಅಂಗಡಿಯಲ್ಲಿದೆ, ನಿಮಗಾದರೆ ಕಡಿಮೆ ಮಾಡಿ ಕೊಡುತ್ತೇನೆ. ನಾನೂ ಒಂದನ್ನು ಮನೆಗೆ ಒಯ್ದಿದ್ದೇನೆ.

ಕೀಲಿಕೈ ನಸೀಮಾ ಹತ್ತಿರ ಇದೆ.